ಅಪ್‌ಡೇಟ್: ಪಕ್ಕದ ಮನೆ ನಾಯಿ ಮಗಳಿಗೆ ಕಚ್ಚಿದ ವಿಷಯ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಕ್ಕದ ಮನೆಯವರ ಸಾಕುನಾಯಿ ನನ್ನ ಮಗಳ ಕಾಲಿಗೆ ಕಚ್ಚಿತ್ತು. ಕಾನೂನಿನಲ್ಲಿ ಏನು ದಾರಿ ಇದೆ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಮೊದಲು ಮಗಳ ಸುದ್ದಿ. ಗಾಯ ಮಾಯ್ದಿದೆ. ರೇಬೀಸ್ ಲಸಿಕೆ 0 (ಮೊದಲ ಡೋಸ್ ಹಾಕಿದ ದಿನ), 3, 7, 28ನೇ ದಿನ, ನಾಲ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಯಿತು. ಗಾಯ ಆಳವಾಗಿತ್ತು, ಅದಕ್ಕೆ ಮೊದಲ ದಿನವೇ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವ ತನಕ ರೇಬೀಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಕೂಡ ಚುಚ್ಚಿದರು. ಅವಳು ಅತ್ತಿದ್ದು ಇನ್ನೂ ಕಿವಿಯಲ್ಲಿದೆ.

ಠಾಣೆಯಲ್ಲಿ ಮೊದಲು 'ನೀವು ನೀವೇ ಮಾತಾಡ್ಕೊಳ್ಳಿ' ಅಂದರು. ಇಲ್ಲಿ ಒಬ್ಬರು ಹೇಳಿದ್ದ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲು ಬಂದ ಅಪರಾಧ ಕಾನೂನು) 291ನೇ ಸೆಕ್ಷನ್ ಆಗ ನೆನಪಾಯಿತು. ಸಾಕಿದ ಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಸೆಕ್ಷನ್ ಬರೆದು, ಆಸ್ಪತ್ರೆ ಚೀಟಿ, ಗಾಯದ ಫೋಟೊ ಸೇರಿಸಿ ದೂರು ಕೊಟ್ಟೆ. ಬಾಯಿಮಾತಲ್ಲಿ ಹೇಳಿ ಸುಮ್ನೆ ವಾಪಸ್ ಬರಬೇಡಿ, ಸ್ವೀಕೃತಿ ತಗೊಳ್ಳಿ.

ಮರುದಿನವೇ ಪಕ್ಕದ ಮನೆಯವರು ಬಂದರು. ಆಟೊ, ಔಷಧಿ ಖರ್ಚು ಕೊಟ್ಟರು. ಹಾಗಾಗಿ ಪರಿಹಾರಕ್ಕೆ ಸಿವಿಲ್ ಕೋರ್ಟಿಗೆ ಹೋಗಲಿಲ್ಲ. ನಾಯಿಯನ್ನು ಕೊಲ್ಲಿಸಿ ಅಂದವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ತಪ್ಪು ಗೇಟು ತೆರೆದಿಟ್ಟವರದ್ದು ಅಲ್ವಾ? ಈಗ ಅದಕ್ಕೂ ಲಸಿಕೆ ಹಾಕಿಸಿದ್ದಾರೆ, ಹೊರಗೆ ಬಂದರೆ ಸರಪಳಿ ಇರುತ್ತದೆ.