ಸಹಾಯ ಬೇಕು: ಅಂಗಡಿಯವರಿಂದ ಉದ್ರಿ ವಸೂಲಿ ಹೇಗೆ ಮಾಡ್ತೀರಿ?

ನಮಸ್ಕಾರ ರೀ. ಹುಬ್ಬಳ್ಳಿಯಲ್ಲಿ ನಾನು, ನಮ್ಮ ವೈನಿ ಸೇರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇವೆ. ರುಚಿ ಬಗ್ಗೆ ಯಾರದೂ ತಕರಾರಿಲ್ಲ. ತೊಂದರೆ ರೊಕ್ಕದ್ದು. ಮನೆಗೆ ಒಯ್ಯುವವರು ನಿಂತಲ್ಲೇ ಫೋನ್‌ಪೇ ಮಾಡ್ತಾರೆ, ಆದರೆ ಖಾನಾವಳಿ, ಕಿರಾಣಿ ಅಂಗಡಿಗೆ ಕೊಟ್ಟ ಮಾಲಿನ ದುಡ್ಡು "ಮುಂದಿನ ವಾರ ನೋಡೋಣ" ಅನ್ನುತ್ತಲೇ ತಿಂಗಳು ದಾಟುತ್ತದೆ, ಇತ್ತ ಜೋಳಕ್ಕೆ ನಗದೇ ಕೊಡಬೇಕು, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಪಗಾರವಂತೂ ತಪ್ಪುವಂತಿಲ್ಲ. ಆರ್ಡರ್ ಜಾಸ್ತಿ ಆದಷ್ಟೂ ಕೈ ಖಾಲಿ ಆಗುತ್ತದೆ ಅಂತ ಧಂದೆಗೆ ಇಳಿಯೋ ಮೊದಲು ಯಾರೂ ಹೇಳಿರಲಿಲ್ಲ!

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೇವೆ (ಅದು ಪುಕ್ಕಟೆ, ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ). 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಮ್ಮಂಥ ತಯಾರಕರಿಗೆ ಬರೆದ ಕರಾರು ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ಚಂದ ಇದೆ. ಆದರೆ ದಿನಾ ಮುಖ ನೋಡುವ ಅಂಗಡಿಯವರ ಮೇಲೆ ಇಂಥ ಬಾಕಿಗೆಂದೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಮರುದಿನವೇ ಆರ್ಡರ್ ಬಂದ್ ಅಲ್ವಾ?

ಧಾರವಾಡ, ಗದಗ ಕಡೆ ಇಂಥದ್ದೇ ಧಂದೆ ಮಾಡುವವರು ಹೇಳಿ. ಹಳೆ ಬಾಕಿ ತೀರುವ ತನಕ ಹೊಸ ಮಾಲು ಕೊಡಲ್ಲ ಅಂದರೆ ಗಿರಾಕಿ ಉಳಿತಾರಾ? ನಗದಿಗೆ ಒಂದು ದರ, ಉದ್ರಿಗೆ ಒಂದು ದರ ಇಟ್ಟವರು ಇದ್ದೀರಾ? ಆ ಪೋರ್ಟಲ್‌ನಲ್ಲಿ ದೂರು ಕೊಟ್ಟವರಿದ್ದರೆ ಸಹಿ ಮಾಡಿದ ಡೆಲಿವರಿ ಚೀಟಿ ನಡೆಯಿತಾ, ಪಕ್ಕಾ ಬಿಲ್ಲೇ ಕೇಳಿದರಾ, ಅದನ್ನೂ ತಿಳಿಸಿ. ವಕೀಲರ ನೋಟಿಸ್ ಕೊಡಿ ಅನ್ನೋ ಸಲಹೆ ಮಾತ್ರ ಬೇಡ ರೀ, ಬಾಕಿಗಿಂತ ಫೀನೇ ಜಾಸ್ತಿ ಆಗುತ್ತದೆ.