ದೂರದೇಶದಲ್ಲಿದ್ದು ಶಿರಸಿಯ ನಂಟು ಉಳಿಸಿಕೊಳ್ಳುವುದು ಹೇಗೆ? ತಿಳಿದವರು ಹೇಳಿ

ಕಾನುಹಕ್ಕಿ ಕೇಳಿದ್ದು:

ಶಿರಸಿಯಿಂದ 12 ಕಿಲೋಮೀಟರ್ ಒಳಗಿನ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಮನೆಯಲ್ಲಿ ಆಯಿ, ಅಪ್ಪ ಇಬ್ಬರೇ. ನಾವು ಗಂಡ ಹೆಂಡತಿ, ಐದು ವರ್ಷದ ಮಗಳು ಈಗ ಮ್ಯೂನಿಕ್‌ನಲ್ಲಿ. ಭಾನುವಾರ ಫೋನ್ ಮಾಡಿದರೆ "ಊಟ ಆತ? ಚಳಿ ಇದ್ದ?" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮಗಳಿಗೆ ಅಜ್ಜಿ ಅಂದರೆ ಪರದೆಯ ಮೇಲಿನ ಅರ್ಧ ಹಣೆ. ಊರು ಕೈತಪ್ಪಬಾರದು ಅಂದರೆ ಏನೇನು ಮಾಡಬಹುದು? ಸಮಾಧಾನದ ಮಾತು ಬೇಡ, ಮಾಡುವ ಕೆಲಸ ಹೇಳಿ.

ಬೆಟ್ಟದಭೂಮಿ:

ಮಾತು ಮುಗಿಯುವುದು ಪ್ರೀತಿ ಕಡಿಮೆಯಾಗಿ ಅಲ್ಲ, ವಿಷಯ ಇಲ್ಲದೆ. ತೋಟದ ಮನೆಯವರಿಗೆ ವರ್ಷವಿಡೀ ವಿಷಯ ಇರುತ್ತದೆ, ಕೇಳುವವರಿಗೆ ಅದರ ಲೆಕ್ಕ ಗೊತ್ತಿರಬೇಕು ಅಷ್ಟೆ. ಒಂದು ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕ ಮಳೆ ನಕ್ಷತ್ರ ಬರೆದಿಡಿ. ಮೃಗಶಿರ ಜೂನ್ ಮೊದಲ ವಾರದ ಕೊನೆಗೆ ಹಿಡಿಯುತ್ತದೆ, ಆರಿದ್ರಾ ಜೂನ್ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ ಜುಲೈ 19–20ಕ್ಕೆ, ಆಶ್ಲೇಷ ಆಗಸ್ಟ್ 2–3ಕ್ಕೆ. "ಅಲ್ಲಿ ಮಳೆ ಇದೆಯಾ" ಅಂತ ಕೇಳಿದರೆ "ಇದ್ದು" ಅಂತ ಒಂದೇ ಮಾತು ಬರುತ್ತದೆ. "ಆರಿದ್ರಾ ಹೇಗೆ ಹೊಡೀತು, ಎರಡನೇ ಮದ್ದು ಹೊಡೆಸಲಿಕ್ಕೆ ಮಳೆ ಬಿಟ್ಟು ಹೊಳವು ಸಿಕ್ಕಿತಾ" ಅಂತ ಕೇಳಿ ನೋಡಿ, ಹತ್ತು ನಿಮಿಷ ಗ್ಯಾರಂಟಿ.

ಮದ್ದಿನ ಲೆಕ್ಕ ಮರೆತಿದ್ದರೆ: ಕೊಳೆರೋಗಕ್ಕೆ ಶೇ. 1ರ ಬೋರ್ಡೊ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಆ ಎರಡನೆಯದೇ ಪ್ರತಿವರ್ಷದ ಗೋಳು. ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವುದಿಲ್ಲ. ಅಪ್ಪನ ತಲೆಯಲ್ಲಿ ಜುಲೈ ಪೂರ್ತಿ ಓಡುವುದು ಅದೊಂದೇ. ನಿಮಗೂ ಅದು ಗೊತ್ತಿದೆ ಅಂತ ಆದರೆ ನೀವಿನ್ನೂ ಮನೆಯವರೇ.

ಚಳಿಗಾಲದಲ್ಲಿ ಅಡಿಕೆ ದರ. "ಅಡಿಕೆಗೆ ಎಷ್ಟಿದೆ" ಅನ್ನಬೇಡಿ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯಲ್ಲಿ ಬಗೆ ಹಲವು, ಎಲ್ಲಕ್ಕೂ ಬೇರೆ ಬೇರೆ ದರ. ಮನೆಯಲ್ಲಿ ಹಸಿ ಅಡಿಕೆ ಸುಲಿದು ಬೇಯಿಸುತ್ತಾರೋ, ಹಣ್ಣು ಮಾಡಿ ಒಣಗಿಸಿ ಚಾಲಿ ಮಾಡುತ್ತಾರೋ ನೆನಪಿಟ್ಟುಕೊಂಡು ಅದರದ್ದೇ ಕೇಳಿ.

ಹೊತ್ತಿನ ವಿಚಾರ. ಜರ್ಮನಿ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ. ಕೆಲಸ ಮುಗಿಸಿ ಸಂಜೆ ಏಳಕ್ಕೆ ಮಾಡಿದರೆ ಅಲ್ಲಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ, ಇಬ್ಬರೂ ಮಲಗಿ ಒಂದು ನಿದ್ದೆ ಆಗಿರುತ್ತದೆ. ಬೆಳಗ್ಗೆ ಏಳಕ್ಕೆ ಮಾಡಿ. ಅಲ್ಲಿ ಹತ್ತೂವರೆ–ಹನ್ನೊಂದೂವರೆ, ಚಹಾ ಕುಡಿಯುವ ಆಸರಿ ಹೊತ್ತು, ಅಪ್ಪ ತೋಟದಿಂದ ಮೇಲೆ ಬಂದಿರುತ್ತಾರೆ. ಭಾನುವಾರ ಒಂದು ತಾಸು ಮಾತಾಡುವುದಕ್ಕಿಂತ ದಿನಕ್ಕೆ ಏಳೆಂಟು ನಿಮಿಷ ಮೇಲು. ನಿನ್ನೆಯ ಮಾತಿನ ಬಾಲ ಇವತ್ತು ಹಿಡಿಯಬಹುದು.

ತಗಡಿನಮಾಡು:

ಮೇಲಿನದ್ದೆಲ್ಲ ಸರಿ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋನೇ ಹೋಗದಿದ್ದರೆ? ಹಳ್ಳಿಮನೆಯಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಹೋಗುತ್ತದೆ. ಫೈಬರ್ ಇದ್ದರೆ ಕೇಬಲ್ ತುಂಡಾಗದಿರುವ ತನಕ ಸಂಪರ್ಕ ಇರುತ್ತದೆ, ಮನೆಯ ಪೆಟ್ಟಿಗೆಗೆ ಕರೆಂಟ್ ಕೊಟ್ಟರೆ ಸಾಕು.

ಇನ್ವರ್ಟರ್ ಇದ್ದ ಮನೆಯಲ್ಲೂ ರೂಟರ್ ಸಿಕ್ಕಿಸಿದ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರುವುದಿಲ್ಲ. ಮೊದಲು ಅದನ್ನು ನೋಡಿಸಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗಂತಲೇ ಸಿಗುವ ಸಣ್ಣ ಯುಪಿಎಸ್ ತರಿಸಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಫೋಟೋ ತರಿಸಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಆದರೆ 9 ವೋಲ್ಟಿನವೂ ಇವೆ, ತಪ್ಪಿದರೆ ರೂಟರ್ ಸುಟ್ಟುಹೋಗುತ್ತದೆ. ಫೈಬರಿನ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ಒಂದಕ್ಕೆ ಕೊಟ್ಟು "ಯುಪಿಎಸ್ ಕೆಲಸ ಮಾಡ್ತಿಲ್ಲ" ಅನ್ನುವವರೇ ಜಾಸ್ತಿ. ಗುಡುಗು ಬಂದಾಗ ಪ್ಲಗ್ ಕೀಳಲು ಹೇಳಿಡಿ.

ಆಯಿಯ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಸಿ. ಮನೆಯೊಳಗೆ ಸಿಗ್ನಲ್ ಇಲ್ಲದಿದ್ದರೂ ಸಾದಾ ಕರೆ, ಬ್ಯಾಂಕಿನ ಒಟಿಪಿ ಬರುತ್ತವೆ.

ನಿಮ್ಮ ಭಾರತದ ಸಿಮ್ ಸಾಯಲು ಬಿಡಬೇಡಿ. 90 ದಿನ ಏನೂ ಬಳಸದಿದ್ದರೆ ನಂಬರ್ ಬೇರೆಯವರಿಗೆ ಹೋಗಬಹುದು, ಆಮೇಲೆ ಬ್ಯಾಂಕು, ಆಧಾರ್ ಎಲ್ಲದಕ್ಕೂ ಪರದಾಟ. ಫೋನಿನಲ್ಲಿ ನೆನಪಿನ ಗಂಟೆ ಇಟ್ಟುಕೊಳ್ಳಿ.

ವಾಟೆಹುಳಿ:

ನಾನು ತಿನ್ನುವ ವಿಷಯಕ್ಕೆ ಬರುತ್ತೇನೆ. ಊರು ಮೊದಲು ಮರೆಯುವುದು ನಾಲಿಗೆಗೆ.

ತರಬಾರದ್ದು ಮೊದಲು. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪವೂ ಅದರಲ್ಲೇ ಬಂತು, ಪೇಡೆಯೂ ಬಂತು. ಜೇನುತುಪ್ಪ ತಲಾ ಎರಡು ಕೆ.ಜಿ.ವರೆಗೆ ಆಗುತ್ತದೆ. ತಾಜಾ ಹಣ್ಣಿನಲ್ಲಿ ಬಾಳೆ, ತೆಂಗಿನಕಾಯಿ, ಅನಾನಸು, ಖರ್ಜೂರ, ಡೂರಿಯನ್ ಈ ಐದನ್ನು ಬಿಟ್ಟರೆ ಉಳಿದದ್ದಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಂದರೆ ಮಾವಿನಹಣ್ಣು, ಕರಿಬೇವು ಮರೆತುಬಿಡಿ. ಒಣಕೊಬ್ಬರಿಗೆ ಬೆಂಕಿ ಹಿಡಿಯುವ ಎಣ್ಣೆ ಇದೆ ಅಂತ ವಿಮಾನದ ತಕರಾರು ಇದೆ.

ತರಬಹುದಾದದ್ದು: ಉಪ್ಪಿನಕಾಯಿ, ಜೋನಿಬೆಲ್ಲ (ನೀರುಬೆಲ್ಲ), ತೊಡೆದೇವು (ಕಬ್ಬಿನಹಾಲಿನ ತೆಳು ಸಿಹಿತಿಂಡಿ), ಹಲಸಿನ ಹಪ್ಪಳ, ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಅಡುಗೆಗೆ ಹುಳಿ ಕೊಡುವ ವಾಟೆಹುಳಿ. ಉಪ್ಪಿನಕಾಯಿ, ಜೋನಿಬೆಲ್ಲ ಎರಡೂ ದ್ರವದ ಲೆಕ್ಕ, ಕೈಚೀಲದಲ್ಲಿ 100 ಮಿಲಿಗಿಂತ ಹೆಚ್ಚು ಬಿಡುವುದಿಲ್ಲ, ದೊಡ್ಡ ಬ್ಯಾಗಿಗೇ ಹಾಕಬೇಕು. ಜೋನಿಬೆಲ್ಲ ಒಂದು ಲೀಟರ್ ಅಂದರೆ ಹತ್ತಿರಹತ್ತಿರ 1.4 ಕೆ.ಜಿ. ತೂಕ, ಬ್ಯಾಗಿನ ಲೆಕ್ಕದಲ್ಲಿ ಇದನ್ನು ಮರೆತು ವಿಮಾನ ನಿಲ್ದಾಣದಲ್ಲಿ ಡಬ್ಬಿ ಬಿಚ್ಚುವವರಿದ್ದಾರೆ. ಬಾಟಲಿಯನ್ನು ಕಂಠಪೂರ್ತಿ ತುಂಬಬೇಡಿ, ಐದರಲ್ಲೊಂದು ಪಾಲು ಖಾಲಿ ಬಿಡಿ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ಬಿಗಿದು, ಸುತ್ತ ಟೇಪು, ಮೇಲೆ ಎರಡು ಪ್ಲಾಸ್ಟಿಕ್ ಕೊಟ್ಟೆ (ಚೀಲ), ಬಟ್ಟೆಯ ನಡುವೆ ನೆಟ್ಟಗೆ. ಒದ್ದೆ ಚಮಚ ಅದ್ದಿದರೆ ಜೋನಿಬೆಲ್ಲ ನೊರೆ ಕಟ್ಟಿ ಹುಳಿಯಾಗುತ್ತದೆ. ತೊಡೆದೇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಮ್ಯೂನಿಕ್‌ಗೆ ಪುಡಿ ತಲುಪುತ್ತದೆ. ಬಿಸ್ಕೆಟಿನ ತಗಡಿನ ಡಬ್ಬಿಯಲ್ಲಿ ಅಲುಗಾಡದ ಹಾಗೆ ಕಾಗದ ತುರುಕಿ ಕಟ್ಟಿ. ಪುಡಿಯಾದರೂ ಬಿಸಿ ಹಾಲಿಗೆ ಹಾಕಿದರೆ ನಷ್ಟವಿಲ್ಲ, ಬಿಡಿ.

ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮನೆಯಲ್ಲೇ ಹಾಕಿಸುವುದಾದರೆ ಆಯಿಯ ಕ್ರಮ ಬರೆದಿಟ್ಟುಕೊಳ್ಳಿ, ಮನೆಯಿಂದ ಮನೆಗೆ ಬೇರೆ. ಸಾಮಾನ್ಯ ಲೆಕ್ಕ: ಒಂದು ಕೆ.ಜಿ. ಮಿಡಿಗೆ ಕಾಲು ಕೆ.ಜಿ. ಹರಳುಪ್ಪು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದಿರಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಮಿಡಿ ಇಡೀ ಭರಣಿ ಕೆಡಿಸುತ್ತದೆ. ತೊಳೆದು ಹನಿ ನೀರಿಲ್ಲದ ಹಾಗೆ ಒರೆಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕಿ, ದಿನಾ ಒಮ್ಮೆ ಮೇಲೆ ಕೆಳಗೆ ಮಾಡಿದರೆ ಎಂಟು ಹತ್ತು ದಿನಕ್ಕೆ ಚಿರುಟುತ್ತದೆ. ಬಿಟ್ಟ ಉಪ್ಪುನೀರು ಕುದಿಸಿ, ಪೂರ್ತಿ ಆರಿದ ಮೇಲೆ ಅದರಲ್ಲೇ ಸಾಸಿವೆ, ಮೆಣಸು, ಅರಿಶಿನ ಬೀಸಿ ಕಲೆಸುವುದು. ಬೆಚ್ಚಗಿರುವಾಗಲೇ ಕಲೆಸಿದರೆ ಮಿಡಿ ಮೆತ್ತಗಾಗುತ್ತದೆ. "ಒಂದು ಮುಷ್ಟಿ ಸಾಸಿವೆ" ಅಂತ ಆಯಿ ಅಂದರೆ ಆ ಮುಷ್ಟಿಯನ್ನೇ ತಕ್ಕಡಿಗೆ ಹಾಕಿಸಿ ಗ್ರಾಂ ಬರೆದುಕೊಳ್ಳಿ. ನಿಮ್ಮ ಮುಷ್ಟಿ ಬೇರೆ.

ತಂಬುಳಿಗೆ ಸೊಪ್ಪು ಅಲ್ಲೇ ಸಿಗುತ್ತದೆ. ಶ್ರೀಲಂಕಾದವರ ಅಂಗಡಿಯಲ್ಲಿ "ಗೋಟುಕೋಲ" ಅಂತ ಕೇಳಿ, ಅದು ನಮ್ಮ ಒಂದೆಲಗ. ದೊಡ್ಡಪತ್ರೆ ನರ್ಸರಿಯಲ್ಲಿ "ಕ್ಯೂಬನ್ ಒರೆಗಾನೊ" ಹೆಸರಿನಲ್ಲಿ ಇರುತ್ತದೆ. ಗೆಲ್ಲು ಮುರಿದು ಊರಿದರೆ ಬೇರು ಬಿಡುತ್ತದೆ, ಚಳಿಗಾಲದಲ್ಲಿ ಬಿಸಿಲು ಬೀಳುವ ಕಿಟಕಿಗೆ ಒಳಗೆ ತನ್ನಿ, ನೀರು ಕಡಿಮೆ ಮಾಡಿ. ಅದು ಸಾಯುವುದು ಚಳಿಗಿಂತ ಹೆಚ್ಚಾಗಿ ಅತಿ ನೀರಿಗೆ. ಅಂಗಡಿಯ ಮೊಸರು ಸಪ್ಪೆ, ತಂಬುಳಿಗೆ "ಬುಟರ್‌ಮಿಲ್ಶ್" ಅಂತ ಸಿಗುವ ಮಜ್ಜಿಗೆಯೇ ಸರಿ.

ಚೌಕಾಬಾರ:

ಮಗಳ ವಿಷಯ. "ಅಜ್ಜಿ ಹತ್ರ ಮಾತಾಡು" ಅಂದರೆ ಐದು ವರ್ಷದ ಮಗು ಓಡಿಹೋಗುತ್ತದೆ. ಮಾತು ಬೇಡ, ಆಟ ಕೊಡಿ. ಎರಡೂ ಕಡೆ 5×5 ಮನೆಯ ಚೌಕಾಬಾರ ಬರೆದಿಡಿ. ಇಬ್ಬರಿಗೂ ನಾಲ್ಕು ನಾಲ್ಕು ಕಾಯಿ, ನಾಲ್ಕು ಕವಡೆ. ಕವಡೆ ಅಂಗಾತ ಬಿದ್ದಷ್ಟು ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ. ಮಗಳು ಇಲ್ಲಿ ಹಾಕಿದ ಕವಡೆಗೆ ಅಜ್ಜಿಯೂ ತನ್ನ ಮನೆಯಲ್ಲಿ ಮಗಳ ಕಾಯಿ ನಡೆಸಬೇಕು. ಲೆಕ್ಕ ತಪ್ಪಿದಾಗ ಆಗುವ ಜಗಳವೇ ಕನ್ನಡ ಪಾಠ.

ಅರ್ಧ ಹಣೆಯ ಸಮಸ್ಯೆಗೆ ಫೋನನ್ನು ಕೈಯಲ್ಲಿ ಹಿಡಿಯಲು ಬಿಡಬೇಡಿ. 200–300 ರೂಪಾಯಿಯ ಸ್ಟ್ಯಾಂಡ್ ಸಾಕು, ಮೇಲಿನಿಂದ ಪಟ ಕಾಣುವ ಹಾಗೆ ಬಾಗಿಸಿ. ಬೆಳಕು ಅಜ್ಜಿಯ ಮುಂದಿರಬೇಕು. ಹೆಬ್ಬಾಗಿಲಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪು.

ಇನ್ನೊಂದು, ಮನೆಮಾತನ್ನು ತಿದ್ದಬೇಡಿ. ಮಗು "ಬತ್ತಿ", "ಹೋಗ್ತಿ" ಅಂದರೆ ಪುಸ್ತಕದ ಕನ್ನಡಕ್ಕೆ ತಿರುಗಿಸುವ ಚಟ ಕೆಲವರಿಗೆ. ಅಜ್ಜಿ ಆಡುವುದು ಅದೇ ಮಾತು.

ಆಯಿ ಅಪ್ಪನ ದನಿ ಹಿಡಿದಿಡುವುದಾದರೆ ವಾಟ್ಸಾಪ್ ಧ್ವನಿ ಸಂದೇಶ ಬೇಡ, ಫೋನಿನ ರೆಕಾರ್ಡರ್ ಬಳಸಿ. ಫ್ಯಾನ್ ನಿಲ್ಲಿಸಿ. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಮಾಡಿದರೆ ಮಳೆ ಮಾತ್ರ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ವಿಷಯ, ಹದಿನೈದು ನಿಮಿಷ: ತೋಟದ ಯಾವ ಹಾಳಿಗೆ ಏನು ಹೆಸರು, ಯಾವ ಅಪ್ಪೆಮರ ಯಾರು ನೆಟ್ಟದ್ದು. ಕಡತದ ಹೆಸರಿನಲ್ಲಿ ತಾರೀಖು, ಮಾತಾಡಿದವರು, ವಿಷಯ ಮೂರೂ ಇರಲಿ. ಹಳೇ ಫೋಟೋ ಕಳಿಸುವಾಗ "ಡಾಕ್ಯುಮೆಂಟ್" ಅಂತ ಕಳಿಸಲು ಹೇಳಿ, ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಹಿಂಡಿಬಿಡುತ್ತದೆ.

ಸರ್ವೆನಂಬರ್:

ನಂಟು ನಂಟು ಅನ್ನುತ್ತ ಕಾಗದ ಮರೆಯುವವರಿಗೆ ನಾಲ್ಕು ಮಾತು.

ವರ್ಷಕ್ಕೊಮ್ಮೆ ಸರ್ಕಾರದ ಭೂದಾಖಲೆಯ 'ಭೂಮಿ' ಜಾಲತಾಣದಲ್ಲಿ ಪಹಣಿ ತೆಗೆದು ನೋಡಿ. ಅಜ್ಜನ ಹೆಸರೇ ಇನ್ನೂ ಇದ್ದರೆ ಅಪ್ಪ ಗಟ್ಟಿಯಿರುವಾಗಲೇ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ಒಂದು ತಲೆಮಾರು ದಾಟಿದರೆ ಸಹಿ ಹಾಕಬೇಕಾದವರು ಮೂವರಿಂದ ಹದಿಮೂರಾಗುತ್ತಾರೆ. ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ಮಾಲ್ಕಿ (ಸ್ವಂತ ಒಡೆತನದ) ಜಮೀನಲ್ಲ, ಸೌಲಭ್ಯ ಮಾತ್ರ. ಅದನ್ನೂ ಆಸ್ತಿ ಅಂತ ಲೆಕ್ಕ ಹಾಕಬೇಡಿ.

ಅನಿವಾಸಿಯಾದ ಮೇಲೆ ಪಿತ್ರಾರ್ಜಿತವಾಗಿ ತೋಟ ಬರುವುದಕ್ಕೆ ಅಡ್ಡಿಯಿಲ್ಲ, ಹೊಸದಾಗಿ ಕೃಷಿ ಜಮೀನು ಕೊಳ್ಳುವುದಕ್ಕೆ ವಿದೇಶಿ ವಿನಿಮಯದ ಫೆಮಾ ಕಾಯ್ದೆ ಬಿಡುವುದಿಲ್ಲ. "ರಾಜ್ಯದ ಕಾನೂನು 2020ರಲ್ಲಿ ಸಡಿಲ ಆಗಿದೆಯಲ್ಲ" ಅನ್ನುವವರಿದ್ದಾರೆ. ಆ ಸಡಿಲ ಕೃಷಿಕರಲ್ಲದವರಿಗೆ, ಅನಿವಾಸಿಗಳಿಗಲ್ಲ. ಸಾದಾ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಿ.

ಊರಲ್ಲಿ ಯಾರಿಗಾದರೂ ಅಧಿಕಾರಪತ್ರ ಕೊಡುವುದಿದ್ದರೆ ಮ್ಯೂನಿಕ್‌ನ ಭಾರತದ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ದೃಢೀಕರಿಸಿ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇಂಥ ಸರ್ವೆ ನಂಬರ್, ಇಂಥ ಕೆಲಸ ಅಂತ ಬರೆದ ವಿಶೇಷ ಅಧಿಕಾರಪತ್ರ ಕೊಡಿ. ಎಷ್ಟೇ ಹತ್ತಿರದವರಾದರೂ ಸಾರಾಸಗಟು ಅಧಿಕಾರ ಬೇಡ.

ವೋಟು ಊರಲ್ಲೇ ಉಳಿಯಬೇಕಾದರೆ ಅನಿವಾಸಿ ಮತದಾರರ ಅರ್ಜಿ, ನಮೂನೆ 6ಎ, ತುಂಬಬೇಕು. ಆದರೆ ಮತಗಟ್ಟೆಗೆ ಪಾಸ್‌ಪೋರ್ಟ್ ಹಿಡಿದು ಖುದ್ದು ಬರಬೇಕು. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವಕ್ಕೆ ಒಪ್ಪಿದೆ, ಭಾರತ ಒಪ್ಪಿಲ್ಲ. ಅಲ್ಲಿಯದು ತಗೊಂಡರೆ ಇಲ್ಲಿಯದು ಹೋಯಿತು, ವೋಟೂ ಹೋಯಿತು.

ಬೆಟ್ಟದಭೂಮಿ:

ಬರುವ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲರೂ ಡಿಸೆಂಬರ್ ರಜೆಗೆ ಬರುತ್ತಾರೆ, ಆಗ ಮನೆಯಲ್ಲಿ ಅಡಿಕೆಯ ಕೊನೆಕೊಯ್ಲು, ಮಾತಾಡಲು ಯಾರಿಗೂ ಪುರುಸೊತ್ತಿಲ್ಲ. ಸುಲಿಯಲು ಕೂರುವುದಾದರೆ ಆಗಲೇ ಬನ್ನಿ. ಅತಿಥಿಯಾಗಿ ಬರುವುದಾದರೆ ಫೆಬ್ರವರಿ: ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ ಇರುತ್ತದೆ, ಅಪ್ಪೆಮಿಡಿ ಇರುತ್ತದೆ.

ಶಿರಸಿಯ ಮಾರಿಕಾಂಬಾ ಜಾತ್ರೆ ಸರಿಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಮಂಗಳವಾರ ಶುರುವಾಗಿ ಮುಂದಿನ ಬುಧವಾರದವರೆಗೆ ಒಂಬತ್ತು ದಿನ. 2024ರಲ್ಲಿ ಮಾರ್ಚ್ 19ಕ್ಕೆ ಶುರುವಾಗಿತ್ತು. ಮೊದಲ ದಿನ ದೇವಿಯ ಕಲ್ಯಾಣ, ಬುಧವಾರ ರಥ, ಆಮೇಲೆ ಪೇಟೆಯ ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ. ದಿನ ನಿಗದಿಯಾದ ಮೇಲೆಯೇ ಟಿಕೆಟ್ ಮಾಡಿ. ಜಾತ್ರೆ ಮುಗಿದ ಮೇಲೆ ಬಂದರೆ ಯುಗಾದಿಗೆ ಮರುಪ್ರತಿಷ್ಠೆ ಆಗುವ ತನಕ ದೇವಿಯ ದರ್ಶನ ಇಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 400. ಮಗು ಇದ್ದರೆ ಹುಬ್ಬಳ್ಳಿಯೇ ವಾಸಿ.

ಕಾನುಹಕ್ಕಿ:

ರೂಟರಿನ ಅಡಾಪ್ಟರ್ ಫೋಟೋ ತರಿಸಿದೆ: 12 ವೋಲ್ಟ್, 1 ಆಂಪಿಯರ್. ಪೆಟ್ಟಿಗೆ ಒಂದೇ ಇದೆ. ಕವಡೆ ಇಲ್ಲಿ ಸಿಗಲಿಲ್ಲ, ಏನು ಮಾಡಲಿ?

ಚೌಕಾಬಾರ:

ಹುಣಸೆಬೀಜ ನಾಲ್ಕು ತಗೊಂಡು ಒಂದು ಮಗ್ಗುಲು ಬಿಳಿ ಕಾಣುವ ತನಕ ಕಲ್ಲಿಗೆ ತಿಕ್ಕಿ. ಬಿಳಿ ಮೇಲೆ ಬಿದ್ದರೆ ಅಂಗಾತ ಅಂತ ಲೆಕ್ಕ.