ಮನೆಯಲ್ಲೇ ಕಲಿಯುವ ಮಗಳ ಗಣಿತಕ್ಕೆ ಖಾನ್ ಅಕಾಡೆಮಿಯೊಂದೇ ಸಾಕೇ?

ಪ್ರಶ್ನೆ – ಗೃಹಿಣಿ, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ಮಗಳಿಗೆ ನಾವು ಮನೆಯಲ್ಲೇ ಪಾಠ ನಡೆಸುತ್ತಿದ್ದೇವೆ. ಶುಲ್ಕವಿಲ್ಲ, ಕನ್ನಡದಲ್ಲೂ ಪಾಠಗಳಿವೆ ಎಂಬ ಕಾರಣಕ್ಕೆ ಗಣಿತದ ಅಭ್ಯಾಸವನ್ನು ಖಾನ್ ಅಕಾಡೆಮಿ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಮಾಡಿಸುತ್ತೇವೆ. ಆದರೆ ಭಿನ್ನರಾಶಿಯ ಅಭ್ಯಾಸಗಳಲ್ಲಿ ಪರದೆಯ ಮೇಲೆ ಒಳ್ಳೆಯ ಅಂಕ ತೆಗೆಯುವ ಹುಡುಗಿ, ಅಂಥದೇ ಲೆಕ್ಕವನ್ನು ವಾರ ಬಿಟ್ಟು ನೋಟ್‌ಬುಕ್ಕಿನಲ್ಲಿ ಕೊಟ್ಟರೆ 3/4 + 2/5 = 5/9 ಎಂದು ಬರೆದಿಡುತ್ತಾಳೆ. ಇದನ್ನು ಸರಿಪಡಿಸುವುದು ಹೇಗೆ? ಮುಂದೆ ಪರೀಕ್ಷೆಗೆ ಕೂರಿಸಲು ಇಷ್ಟೇ ಅಭ್ಯಾಸ ಸಾಕಾಗುತ್ತದೆಯೇ?

ಉತ್ತರ – ನಿವೃತ್ತ ಗಣಿತ ಶಿಕ್ಷಕ, ಸರಸ್ವತಿಪುರಂ

ತಾಯಿ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವುದು ನಾನು ತರಗತಿಯಲ್ಲಿ ಪ್ರತಿವರ್ಷ ಕಂಡ ತಪ್ಪು. ಅದಕ್ಕೆ ಕಂಪ್ಯೂಟರನ್ನು ದೂರಬೇಕಿಲ್ಲ. ಒಂದು ಅಭ್ಯಾಸದಲ್ಲಿ ಬರುವ ಪ್ರಶ್ನೆಗಳೆಲ್ಲ ಒಂದೇ ಜಾತಿಯವಾಗಿರುವುದರಿಂದ, ಆಗತಾನೇ ವಿಡಿಯೊ ನೋಡಿದ ಮಗು ಕ್ರಮವನ್ನು ಅನುಸರಿಸಿ ಉತ್ತರ ತುಂಬಿಬಿಡುತ್ತದೆ, ಆ ಕ್ರಮ ಏಕೆ ಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಅಭ್ಯಾಸವೊಂದರಲ್ಲಿ ಎಲ್ಲವನ್ನೂ ಸರಿ ಮಾಡಿದರೂ ಆ ತಾಣದಲ್ಲಿ ಆ ಕೌಶಲ 'ಪ್ರೊಫಿಷಿಯೆಂಟ್' (ಚೆನ್ನಾಗಿ ಬರುತ್ತದೆ) ಮಟ್ಟದಲ್ಲೇ ನಿಲ್ಲುತ್ತದೆ. 'ಮಾಸ್ಟರ್ಡ್' (ಪೂರ್ತಿ ಕರಗತ) ಆಗಬೇಕಾದರೆ ಬೇರೆ ಬೇರೆ ಬಗೆಯ ಲೆಕ್ಕಗಳು ಬೆರೆತು ಬರುವ ಯೂನಿಟ್ ಟೆಸ್ಟ್‌ನಂಥವುಗಳಲ್ಲಿ ಅದನ್ನು ಮತ್ತೆ ಸರಿಯಾಗಿ ಬಿಡಿಸಬೇಕು. ಆದ್ದರಿಂದ ತಾವು ದಿನದ ಅಂಕವನ್ನು ಬಿಟ್ಟು ಅಂಥ ಪರೀಕ್ಷೆಗಳ ಫಲಿತಾಂಶವನ್ನು ನೋಡಿ.

ಇನ್ನು 5/9ರ ವಿಷಯ. ನಿಯಮವನ್ನು ಮತ್ತೆ ಹೇಳಿಕೊಡುವ ಮೊದಲು, ಉತ್ತರ ಮುಕ್ಕಾಲಿಗಿಂತ ಹೆಚ್ಚಿರಬೇಕೋ ಕಡಿಮೆಯಿರಬೇಕೋ ಎಂದು ಕೇಳಿ. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಮುಕ್ಕಾಲು ಕಿಲೋ ಬೆಲ್ಲ ತೂಗಿಸಿ, ಅದರ ಮೇಲೆ ಕಿಲೋದ ಐದರಲ್ಲಿ ಎರಡು ಭಾಗ, ಅಂದರೆ 400 ಗ್ರಾಂ ಇಡಿಸಿ. ಮುಳ್ಳು 1150 ಗ್ರಾಂ ತೋರಿಸುತ್ತದೆ; ಅವಳ 5/9 ಕಿಲೋ 556 ಗ್ರಾಮನ್ನೂ ಮುಟ್ಟುವುದಿಲ್ಲ. ಕೂಡಿದ ಮೇಲೆ ಬೆಲ್ಲ ಕಡಿಮೆಯಾಯಿತೇ ಎಂಬ ಪ್ರಶ್ನೆ ಅವಳಿಂದಲೇ ಹೊರಟರೆ, 15/20 + 8/20 = 23/20 ಎಂದು ಛೇದವನ್ನು ಸಮ ಮಾಡುವ ಅಗತ್ಯ ತಾನಾಗಿ ತಿಳಿಯುತ್ತದೆ. (ಬೆಲ್ಲ ಅಲ್ಲಿಯವರೆಗೆ ಉಳಿದರೆ, ಅಷ್ಟೇ.)

ಉತ್ತರ – ರೈತ, ಮದ್ದೂರು, ಮಂಡ್ಯ ಜಿಲ್ಲೆ

ಮೇಷ್ಟ್ರು ಹೇಳಿದ್ದು ಸರಿ. ನನ್ನ ಮಗನಿಗೆ ಪ್ರತಿ ಲೆಕ್ಕವನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಬಿಡಿಸಿ, ಕೊನೆಯ ಉತ್ತರವನ್ನು ಮಾತ್ರ ಪರದೆಯಲ್ಲಿ ತುಂಬುವಂತೆ ಹೇಳಿದ್ದೇನೆ. ಹಿಂಟ್ (ಸುಳಿವು) ಒತ್ತಿದರೆ ಆ ಪ್ರಶ್ನೆ ತಪ್ಪೆಂದೇ ಲೆಕ್ಕವಾಗುವುದರಿಂದ ಮಕ್ಕಳು ಅದನ್ನು ಒತ್ತಲು ಹೆದರಿ ಊಹೆ ಮಾಡುವುದುಂಟು; ಅಂಕ ಹೋದರೂ ಪರವಾಗಿಲ್ಲ, ಹಿಂಟ್ ಓದು ಎಂದು ಮೊದಲೇ ಹೇಳಿಡುವುದು ಒಳ್ಳೆಯದು. ಕೋರ್ಸ್ ಆಯ್ದುಕೊಳ್ಳುವಾಗಲೂ ಗಮನವಿರಲಿ ಮೇಡಂ. ಅಮೆರಿಕದ ತರಗತಿಗಳಿಗೆ ಮಾಡಿದ ಕೋರ್ಸ್ ತೆರೆದರೆ ಇಂಚು, ಪೌಂಡ್, ಮಿಲಿಯನ್ ಎಂದು ಬರುತ್ತದೆ. ಲಕ್ಷ, ಕೋಟಿ ಕಲಿಯಬೇಕಾದ ಮಗುವಿಗೆ ಭಾರತದ ಪಠ್ಯಕ್ರಮದ ಕೋರ್ಸ್ ಸೂಕ್ತ.

ಉತ್ತರ – ಗೃಹಶಿಕ್ಷಣ ನೀಡುತ್ತಿರುವ ತಂದೆ, ವಿಜಯನಗರ, ಮೈಸೂರು

ಪರೀಕ್ಷೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಖಾನ್ ಅಕಾಡೆಮಿಯ ಅಂಕಗಳಿಗೆ ಶಾಲಾ ಪ್ರಮಾಣಪತ್ರದ ಬೆಲೆಯಿಲ್ಲ. ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮುಕ್ತ ಮೂಲ ಶಿಕ್ಷಣ ಕಾರ್ಯಕ್ರಮದಲ್ಲಿ ಎ ಹಂತ 3ನೇ, ಬಿ ಹಂತ 5ನೇ ಮತ್ತು ಸಿ ಹಂತ 8ನೇ ತರಗತಿಗೆ ಸಮಾನ. ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು. ಆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಲೆಕ್ಕದ ಹಂತಗಳನ್ನು ಬರೆದು ತೋರಿಸಬೇಕಾಗುತ್ತದೆ, ಖಾನ್ ಅಕಾಡೆಮಿಯ ಅಭ್ಯಾಸಗಳಲ್ಲಾದರೋ ಬಹುತೇಕ ಉತ್ತರವೊಂದನ್ನೇ ತುಂಬುವುದು. ಹಾಗಾಗಿ ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಉಚಿತವಾಗಿ ಇಳಿಸಿಕೊಂಡು, ಅವುಗಳಲ್ಲಿನ ಅಭ್ಯಾಸದ ಲೆಕ್ಕಗಳನ್ನು ಜೊತೆಗೆ ಬರೆಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಕೋರ್ಸ್ ನೋಡಿದೆ, ನಾವು ತೆರೆದಿದ್ದುದು ಭಾರತದ್ದೇ. ನಾಳೆ ಯೂನಿಟ್ ಟೆಸ್ಟ್ ಕೊಡುವ ಬದಲು ತಕ್ಕಡಿಯನ್ನೇ ಮೊದಲು ಇಳಿಸುತ್ತೇನೆ.